ರೀಮ್ಯಾಪ್ ಮಾಡಿಸಿದ ಪೋಲೊ ಮಿಸ್ಸಿಂಗ್ ಹೊಡೆಯುತ್ತಿದೆ: ಕಾಯಿಲ್, ಪ್ಲಗ್, ಇಂಜೆಕ್ಟರ್, ಪಂಪು, ಯಾವುದಕ್ಕೆ ದುಡ್ಡು ಹಾಕಲಿ?

ಕಾಫಿತೋಟದ_ಪೋಲೊ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಿದೆ, ಬೇಜಾರು ಮಾಡಿಕೊಳ್ಳಬೇಡಿ.

ಗಾಡಿ 2021ರ ಪೋಲೊ 1.0 ಟಿಎಸ್‌ಐ, 6 ಗೇರಿನ ಮ್ಯಾನುವಲ್. 62,000 ಕಿ.ಮೀ. ಓಡಿದೆ. ವಾರಂಟಿ ಮುಗಿದ ಮೇಲೆ, ಮೂರು ತಿಂಗಳ ಹಿಂದೆ, ಸ್ಟೇಜ್ 1 ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸಿ ಪವರ್ ಏರಿಸುವುದು) ಮಾಡಿಸಿದೆ. ಕಂಪನಿ ಲೆಕ್ಕ 110 ಪಿಎಸ್, 175 ಎನ್‌ಎಂ. ಈಗ 135 ಪಿಎಸ್, 230 ಎನ್‌ಎಂ ಅಂತ ಟ್ಯೂನ್ ಮಾಡಿದವರು ಹೇಳಿದರು. ಡೈನೊ ಹತ್ತಿಸಿ ನೋಡಿಲ್ಲ, ಆದರೆ ಓಡಿಸುವಾಗ ಗೊತ್ತಾಗುತ್ತದೆ. ಮೊದಲ ಎರಡು ತಿಂಗಳು ಹಬ್ಬ.

ಹೋದ ವಾರ ಮಂಗಳೂರಿಂದ ವಾಪಸ್ ಬರುವಾಗ ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುತ್ತಿದ್ದೆ. ಮುಂದೆ ಟ್ಯಾಂಕರ್. ಗೇರ್ ಇಳಿಸೋಕೆ ಸೋಮಾರಿತನ, 4ನೇ ಗೇರಿನಲ್ಲೇ ಪೂರ್ತಿ ಒತ್ತಿದೆ. 2,500 ಆರ್‌ಪಿಎಂ ಹತ್ತಿರ ಹಿಂದಿನಿಂದ ಯಾರೋ ಹಗ್ಗ ಕಟ್ಟಿ ಜಗ್ಗಿದ ಹಾಗೆ ಗಾಡಿ ತಡವರಿಸಿತು. ಎಂಜಿನ್ ಲೈಟ್ ಮಿಣಕ್ ಮಿಣಕ್ ಅಂತು. ಕಾಲು ತೆಗೆದರೆ ಸರಿ, ಮತ್ತೆ ಒತ್ತಿದರೆ ಮತ್ತೆ ಅದೇ ಕಥೆ. ಪಕ್ಕದಲ್ಲಿ ಅಪ್ಪ. "ಚೆನ್ನಾಗಿದ್ದ ಗಾಡಿಗೆ ಕೈ ಹಾಕಬೇಡ ಅಂದಿದ್ದೆ" ಅಂತ ಸಕಲೇಶಪುರ ಬರುವವರೆಗೂ ಮಂತ್ರ ಪಠಣ.

ಸ್ಕ್ಯಾನ್ ಮಾಡಿದರೆ ಪಿ0302 ಬಂತು, ಅಂದರೆ 2ನೇ ಸಿಲಿಂಡರಿನಲ್ಲಿ ಮಿಸ್ಸಿಂಗ್. ಇಲ್ಲೊಂದು ಪರ್ಫಾರ್ಮೆನ್ಸ್ ಅಂಗಡಿಯವರು ಪಟ್ಟಿ ಕೊಟ್ಟರು: ಕೆಂಪು ಕಾಯಿಲ್ (ಪ್ಲಗ್ಗಿಗೆ ಕಿಡಿಯ ವೋಲ್ಟೇಜ್ ಕೊಡುವುದು) ಮೂರು, ಒಂದು ಹಂತ ಕೋಲ್ಡ್ ಆದ ಇರಿಡಿಯಂ ಪ್ಲಗ್, ದೊಡ್ಡ ಇಂಜೆಕ್ಟರ್, ದೊಡ್ಡ ಹೈ ಪ್ರೆಷರ್ ಪಂಪು. ಲೇಬರ್ ಸೇರಿ 1 ಲಕ್ಷ 40 ಸಾವಿರ. "ಪವರ್ ಜಾಸ್ತಿ ಆದಮೇಲೆ ಇಗ್ನಿಷನ್ನು, ಫ್ಯೂಯಲ್ಲು ಎರಡೂ ಅಪ್‌ಗ್ರೇಡ್ ಆಗಲೇಬೇಕು ಸರ್" ಅಂದರು. ಎಲ್ಲಾ ಒಟ್ಟಿಗೆ ಹಾಕಿಸಲಾ? ಒಂದೊಂದೇ ಅಂದರೆ ಯಾವುದು ಮೊದಲು?

ಬೂಸ್ಟ್_ಬಸಣ್ಣ (ತುಮಕೂರು)

1.40ಕ್ಕೆ ನನ್ನ ಸೆಕೆಂಡ್ ಹ್ಯಾಂಡ್ ಆಲ್ಟೊ ಬಂತು ಗುರು. ಹೊಸ ಬ್ಯಾಟರಿ ಸೇರಿ.

ಗೋಕುಲರಸ್ತೆ_ಗ್ಯಾರೇಜು (ಹುಬ್ಬಳ್ಳಿ)

ಸರ, ಮೊದಲು ಒಂದು ಮಾತು. ಎಂಜಿನ್ ಲೈಟ್ ಸುಮ್ನೆ ಹತ್ತಿಕೊಂಡಿದ್ದರೆ ಮನೆ ತನಕ ಹೋಗಬಹುದು. ಮಿನುಗಿದರೆ ಕಾಲು ತೆಗೀಬೇಕು. ಅದರ ಅರ್ಥ ಸುಡದ ಪೆಟ್ರೋಲು ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಸುಡುತ್ತಿದೆ ಅಂತ. ಪ್ಲಗ್ಗಿನ ತೊಂದರೆ ಕ್ಯಾಟ್ ತನಕ ಹೋದರೆ ಖರ್ಚು ಬೇರೆ ಲೆವೆಲ್ಲು.

ಈಗ ಒಂದು ರೂಪಾಯಿ ಖರ್ಚಿಲ್ಲದ ಪರೀಕ್ಷೆ ಹೇಳ್ತೀನಿ, ಮಾಡ್ರಿ. ಎಂಜಿನ್ ತಣ್ಣಗಾಗಲಿ. 2ನೇ ಸಿಲಿಂಡರಿನ ಕಾಯಿಲ್ ತೆಗೆದು 1ಕ್ಕೆ ಹಾಕ್ರಿ, 1ರದ್ದು ಇಲ್ಲಿಗೆ. 2ನೇ ಸಿಲಿಂಡರಿನ ಪ್ಲಗ್ ಬಿಚ್ಚಿ 3ಕ್ಕೆ ಹಾಕ್ರಿ, 3ರದ್ದು ಇಲ್ಲಿಗೆ. ಕೋಡ್ ಅಳಿಸಿ, ಮಿಸ್ಸಿಂಗ್ ಬರೋ ಹಾಗೆ ಒಂದೇ ಒಂದು ಸಲ ಓಡಿಸ್ರಿ.

ಪಿ0301 ಬಂದರೆ ಕಾಯಿಲ್ ಕಳ್ಳ. ಪಿ0303 ಬಂದರೆ ಪ್ಲಗ್ ಕಳ್ಳ. ಮತ್ತೆ ಪಿ0302ನೇ ಬಂದರೆ ಇವೆರಡೂ ಅಲ್ಲ, ಇಂಜೆಕ್ಟರ್ ಇಲ್ಲಾ ಕಂಪ್ರೆಷನ್ ನೋಡಬೇಕು.

ಈ ಪ್ಲಗ್ಗು ಯಾವಾಗ ಬದಲಾಯಿಸಿದ್ದು?

ಕಾಫಿತೋಟದ_ಪೋಲೊ

ಬದಲಾಯಿಸಿಲ್ಲ ಸರ್. ಕಂಪನಿಯಿಂದ ಬಂದದ್ದೇ.

ಗೋಕುಲರಸ್ತೆ_ಗ್ಯಾರೇಜು

62,000 ಓಡಿದ ಪ್ಲಗ್ ಮೇಲೆ ರೀಮ್ಯಾಪ್ ಮಾಡಿದಾರಾ? ಅವರು ಪ್ಲಗ್ ಬಿಚ್ಚಿ ನೋಡಲೇ ಇಲ್ವಾ? ಶಿವನೇ.

ಲ್ಯಾಂಬ್ಡಾ_ಒಂದು (ಮೈಸೂರು)

ಎಂಜಿನ್ ಕ್ಯಾಲಿಬ್ರೇಷನ್ ನನ್ನ ಹೊಟ್ಟೆಪಾಡು, ಆದ್ದರಿಂದ ಎರಡು ಮಾತು.

ಪ್ಲಗ್ಗಿನ ಎರಡು ತುದಿಗಳ ನಡುವಿನ ಗಾಳಿಯನ್ನು ಸೀಳಿಕೊಂಡು ಕಿಡಿ ಹಾರಬೇಕು. ಗ್ಯಾಪ್ ದೊಡ್ಡದಾದಷ್ಟೂ ಜಾಸ್ತಿ ವೋಲ್ಟೇಜ್ ಬೇಕು. ಒಳಗಿನ ಒತ್ತಡ ಹೆಚ್ಚಾದರೂ ಜಾಸ್ತಿ ಬೇಕು. ನಿಮ್ಮ ಗಾಡಿಯಲ್ಲಿ ಎರಡೂ ಒಟ್ಟಿಗೆ ಆಗಿವೆ. ತುದಿ ಸವೆದು ಗ್ಯಾಪ್ ಬೆಳೆದಿದೆ, ರೀಮ್ಯಾಪ್ ಬಂದು ಬೂಸ್ಟ್, ಅಂದರೆ ಟರ್ಬೊ ತುಂಬುವ ಗಾಳಿಯ ಒತ್ತಡ, ಏರಿಸಿದೆ. ಕಾಯಿಲ್ ಎಷ್ಟು ಕೊಟ್ಟರೂ ಸಾಲದಾದಾಗ ಕಿಡಿ ಗ್ಯಾಪ್ ಬಿಟ್ಟು ಪಿಂಗಾಣಿಯ ಹೊರಮೈ ಮೇಲೆ ಜಾರಿ ಹೆಡ್ಡಿಗೆ ಹೋಗುತ್ತದೆ. ಅಂಥ ಪ್ಲಗ್ಗಿನ ಬಿಳಿ ಭಾಗದ ಮೇಲೆ ಪೆನ್ಸಿಲ್‌ನಲ್ಲಿ ಗೀಚಿದಂತೆ ಒಂದು ಕಪ್ಪು ಗೆರೆ ಇರುತ್ತದೆ. ಬಿಚ್ಚಿದಾಗ ಅದನ್ನು ಹುಡುಕಿ.

ಮಂಗಳೂರು ಕಡೆಯಲ್ಲೇ ಯಾಕೆ ಕೈ ಕೊಟ್ಟಿತು ಅನ್ನುವುದಕ್ಕೂ ಒಂದು ಊಹೆ ಇದೆ. ಬೆಂಗಳೂರು 900 ಮೀಟರಿಗಿಂತ ಎತ್ತರದಲ್ಲಿದೆ, ಗಾಳಿಯ ಒತ್ತಡ ಹತ್ತಿರ ಹತ್ತಿರ ಹತ್ತು ಪರ್ಸೆಂಟ್ ಕಡಿಮೆ. 2,000–2,500ರಲ್ಲಿ ಇಲ್ಲಿ ಟರ್ಬೊ ಒದ್ದಾಡಿಕೊಂಡು ತುಂಬುವ ಗಾಳಿ ಗುಂಡ್ಯದ ಬುಡದಲ್ಲಿ ಸಲೀಸಾಗಿ ತುಂಬುತ್ತದೆ. ಸಿಲಿಂಡರಿನ ಒತ್ತಡ ಅಲ್ಲೇ ಜಾಸ್ತಿ. ಅಂಚಿನಲ್ಲಿದ್ದ ಪ್ಲಗ್ ಅಲ್ಲೇ ಬಿತ್ತು.

ಆ ಕೆಂಪು ಕಾಯಿಲ್ ಬಗ್ಗೆ. ಆಡಿ ಆರ್8ರಿಂದ ಬಂದ ಕೆಂಪು ತಲೆಯ ಕಾಯಿಲ್ ಹೆಸರು ಮಾಡಿದ್ದು 1.8 ಮತ್ತು 2.0 ಟರ್ಬೊ ಎಂಜಿನ್‌ಗಳಲ್ಲಿ. ನಿಮ್ಮ ಮೂರು ಸಿಲಿಂಡರಿನ ಕಾಯಿಲ್ ಬೇರೆ. ಬಣ್ಣ ನೋಡಿ ಮೋಸ ಹೋಗಬೇಡಿ. ಅಷ್ಟಕ್ಕೂ ಕಾಯಿಲ್ ತುಂಬಿಕೊಳ್ಳಲು ಟೈಮ್ ಸಾಲದು ಅನ್ನುವ ಸಮಸ್ಯೆ ಡಿಸ್ಟ್ರಿಬ್ಯೂಟರ್ ಕಾಲದ್ದು. ನಾಲ್ಕು ಸಿಲಿಂಡರಿಗೆ ಒಂದೇ ಕಾಯಿಲ್ ಇದ್ದಾಗ 6,000 ಆರ್‌ಪಿಎಂನಲ್ಲಿ 5 ಮಿಲಿಸೆಕೆಂಡಿಗೊಂದು ಕಿಡಿ ಕೊಡಬೇಕಿತ್ತು. ಈಗ ಒಂದೊಂದು ಸಿಲಿಂಡರಿಗೂ ಒಂದೊಂದು ಕಾಯಿಲ್, 20 ಮಿಲಿಸೆಕೆಂಡಿಗೆ ಒಂದು ಸಲ ಕೆಲಸ. ಆರಾಮ. 135 ಪಿಎಸ್‌ಗೆ ಒಳ್ಳೆ ಸ್ಥಿತಿಯ ಕಂಪನಿ ಕಾಯಿಲ್ ಬೇಕಾದಷ್ಟಾಯಿತು.

ಬೂಸ್ಟ್_ಬಸಣ್ಣ

ಹಾಗಾದ್ರೆ ಕೋಲ್ಡ್ ಪ್ಲಗ್ಗೂ ಬೇಡ್ವಾ ಸರ್? ಎಲ್ಲರೂ ಮೊದಲು ಅದನ್ನೇ ಹೇಳ್ತಾರೆ.

ಲ್ಯಾಂಬ್ಡಾ_ಒಂದು

ಹೇಳುತ್ತಾರೆ. ಪ್ಲಗ್ಗಿನ ತುದಿ 450–500 ಡಿಗ್ರಿ ದಾಟಿದರೆ ತನ್ನ ಮೇಲಿನ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. 850–900 ಮುಟ್ಟಿದರೆ ಕಿಡಿಗೆ ಮೊದಲೇ ಪೆಟ್ರೋಲು ಹೊತ್ತಿಸಿ ಪಿಸ್ಟನ್ನಿಗೆ ಕುತ್ತು ತರುತ್ತದೆ. ಇವೆರಡರ ನಡುವೆ ಇರಬೇಕು. ಕೋಲ್ಡ್ ಪ್ಲಗ್ ಅಂದರೆ ಶಾಖವನ್ನು ಬೇಗ ಹೆಡ್ಡಿಗೆ ದಾಟಿಸುವ ಪ್ಲಗ್. 80–100 ಎಚ್‌ಪಿ ಏರಿಸಿದಾಗ ಒಂದು ಹಂತ ಅನ್ನುವುದು ಹಳಬರ ಲೆಕ್ಕ. ನೀವು ಏರಿಸಿರುವುದು 25. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ದಿನಾ ಅರ್ಧ ಗಂಟೆ ನಿಲ್ಲುವ ಗಾಡಿಗೆ ಕೋಲ್ಡ್ ಪ್ಲಗ್ ಹಾಕಿದರೆ ಮಸಿ ಕಟ್ಟಿ ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಮಿಸ್ಸಿಂಗ್.

ನಂಬರ್ ಓದುವಾಗಲೂ ಹುಷಾರು. ಎನ್‌ಜಿಕೆಯಲ್ಲಿ ನಂಬರ್ ದೊಡ್ಡದಾದರೆ ಕೋಲ್ಡ್. ಬಾಷ್‌ನಲ್ಲಿ ಉಲ್ಟಾ, ಚಿಕ್ಕದಾದರೆ ಕೋಲ್ಡ್. ಇದನ್ನು ತಲೆಕೆಳಗು ಮಾಡಿ ಹಾಟ್ ಪ್ಲಗ್ ಹಾಕಿಸಿಕೊಂಡವರನ್ನು ಕಣ್ಣಾರೆ ಕಂಡಿದ್ದೇನೆ.

ಕಡಲತೀರದ_ಟಿಜೆಟ್ (ಮಂಗಳೂರು)

ನಮ್ಮ ಊರಿನ ಹೆಸರು ಬಂತಲ್ಲ ಅಂತ ಬಂದೆ. ನನ್ನದು ಲೀನಿಯಾ ಟಿ-ಜೆಟ್, 1.4 ಟರ್ಬೊ, 114 ಪಿಎಸ್ ಇದ್ದದ್ದು. ಟರ್ಬೊ ಬದಲಾಯಿಸಿ 200ರ ಆಸುಪಾಸಿಗೆ ತಂದಿದ್ದೇನೆ. ನನಗೆ ಇಂಜೆಕ್ಟರ್ ಬೇಕೇ ಬೇಕಾಯಿತು. ಆ ಲೆಕ್ಕ ಯಾರಿಗಾದರೂ ಉಪಯೋಗಕ್ಕೆ ಬರಲಿ.

ಟರ್ಬೊ ಪೆಟ್ರೋಲ್ ಎಂಜಿನ್ ಒಂದು ಎಚ್‌ಪಿಗೆ ಗಂಟೆಗೆ ಸುಮಾರು 0.6 ಪೌಂಡ್ ಪೆಟ್ರೋಲು ಕುಡಿಯುತ್ತದೆ ಅಂತ ಹಿಡಿಯಿರಿ. 200 ಎಚ್‌ಪಿಗೆ 120 ಪೌಂಡ್. ನಾಲ್ಕು ಇಂಜೆಕ್ಟರಿಗೆ ಹಂಚಿದರೆ ತಲಾ 30. ಇಂಜೆಕ್ಟರನ್ನು 80 ಪರ್ಸೆಂಟಿಗಿಂತ ಜಾಸ್ತಿ ಹೊತ್ತು ತೆರೆದಿಡಬಾರದು, ಹಾಗಾಗಿ 30 ಭಾಗಿಸು 0.8, ಅಂದರೆ 37.5. ಗಂಟೆಗೆ ಒಂದು ಪೌಂಡ್ ಅಂದರೆ ನಿಮಿಷಕ್ಕೆ ಹತ್ತೂವರೆ ಸಿಸಿ ಅಂದುಕೊಂಡರೆ ನಿಮಿಷಕ್ಕೆ 394 ಸಿಸಿ. 400ರ ಸೆಟ್ ಹಾಕಿದೆ. "800 ಹಾಕು, ಮುಂದಕ್ಕೆ ಇರಲಿ" ಅಂದವರೂ ಇದ್ದರು. ಅಷ್ಟು ದೊಡ್ಡದು ಹಾಕಿದರೆ ಐಡಲ್‌ನಲ್ಲಿ ಚಿಟಿಕೆಯಷ್ಟು ಪೆಟ್ರೋಲು ಅಳೆದು ಕೊಡುವುದೇ ಕಷ್ಟ. ಸಾರಿಗೆ ಸೌಟಿನಲ್ಲಿ ಉಪ್ಪು ಹಾಕಿದ ಹಾಗೆ.

ಇಂಜೆಕ್ಟರ್ ಬದಲಾಯಿಸಿದ ದಿನವೇ ಅದಕ್ಕೆ ತಕ್ಕ ಮ್ಯಾಪ್ ಬರೆಯಬೇಕು, ಆಮೇಲೆ ಮಾಡೋಣ ಅನ್ನುವ ಹಾಗಿಲ್ಲ. ಇಸಿಯು (ಎಂಜಿನ್ ಕಂಪ್ಯೂಟರ್) ಹಳೇ ಇಂಜೆಕ್ಟರ್ ಅಂತಲೇ ಲೆಕ್ಕ ಹಾಕಿ ಸುರಿಯುತ್ತದೆ. ಪೋಲೊ ಅವರೇ, ನಿಮ್ಮ ಪಟ್ಟಿಯಲ್ಲಿ ಮತ್ತೆ ಮ್ಯಾಪ್ ಬರೆಯುವ ಖರ್ಚು ಕಾಣಿಸುತ್ತಿಲ್ಲ. ಅಲ್ಲೇ ನನಗೆ ಅನುಮಾನ ಬಂತು.

ಲ್ಯಾಂಬ್ಡಾ_ಒಂದು

ಲೆಕ್ಕ ಸರಿ ಇದೆ, ಆದರೆ ಇದು ಟಿ-ಜೆಟ್‌ನಂಥ ಪೋರ್ಟ್ ಇಂಜೆಕ್ಷನ್ ಗಾಡಿಗೆ. ಅಲ್ಲಿ ವಾಲ್ವ್ ಮುಚ್ಚಿದ್ದರೂ ಪೆಟ್ರೋಲು ಚಿಮ್ಮಿಸಬಹುದು. 6,000 ಆರ್‌ಪಿಎಂನಲ್ಲಿ 20 ಮಿಲಿಸೆಕೆಂಡಿನಲ್ಲಿ ಬಹುಪಾಲು ಸಿಗುತ್ತದೆ. ಟಿಎಸ್‌ಐ ಡೈರೆಕ್ಟ್ ಇಂಜೆಕ್ಷನ್. ಸಿಲಿಂಡರಿನ ಒಳಗೇ ಚಿಮ್ಮಬೇಕು, ಅದೂ ಗಾಳಿ ಎಳೆದುಕೊಳ್ಳುವ ಹೊತ್ತಿನ ಆಸುಪಾಸಿನಲ್ಲಿ. ಅದೇ ಸ್ಪೀಡಿನಲ್ಲಿ ಒಂದು ಸ್ಟ್ರೋಕಿಗೆ 5 ಮಿಲಿಸೆಕೆಂಡ್. ಅದಕ್ಕೇ ಅಷ್ಟೊಂದು ಪ್ರೆಷರ್. ಕ್ಯಾಮ್ ಶಾಫ್ಟ್ ತಳ್ಳುವ ಹೈ ಪ್ರೆಷರ್ ಪಂಪು ರೈಲಿನಲ್ಲಿ (ಇಂಜೆಕ್ಟರುಗಳಿಗೆ ಪೆಟ್ರೋಲು ಹಂಚುವ ಕೊಳವೆ) 200 ಬಾರ್ ಮಟ್ಟದ ಒತ್ತಡ ಹಿಡಿದಿಡಬೇಕು.

ಹಾಗಾಗಿ ಟಿಎಸ್‌ಐನಲ್ಲಿ ಫ್ಯೂಯಲ್ ಸಾಲುತ್ತಿದೆಯೋ ಇಲ್ಲವೋ ಅಂತ ಊಹೆ ಮಾಡಬೇಕಿಲ್ಲ, ಲಾಗ್ ಹೇಳುತ್ತದೆ. ಪ್ಲಗ್ ಹಾಕಿದ ಮೇಲೆ 3ನೇ ಗೇರಿನಲ್ಲಿ 2,000ದಿಂದ 6,000 ತನಕ ಪೂರ್ತಿ ಒತ್ತಿ ಲಾಗ್ ಮಾಡಿ. ಖಾಲಿ ರಸ್ತೆ ಇರಲಿ, ಲ್ಯಾಪ್‌ಟಾಪ್ ಬೇರೆಯವರ ತೊಡೆ ಮೇಲಿರಲಿ. ಬೇಕಾದವು: ಕೇಳಿದ ಬೂಸ್ಟ್ ಮತ್ತು ಸಿಕ್ಕ ಬೂಸ್ಟ್, ಕೇಳಿದ ರೈಲ್ ಪ್ರೆಷರ್ ಮತ್ತು ಸಿಕ್ಕಿದ್ದು, ಲ್ಯಾಂಬ್ಡಾ (ಗಾಳಿ-ಪೆಟ್ರೋಲಿನ ಅನುಪಾತ, ಮೇಲಕ್ಕೆ ಹೋದಷ್ಟೂ ಪೆಟ್ರೋಲು ಕಡಿಮೆ), ಒಳಬರುವ ಗಾಳಿಯ ಉಷ್ಣತೆ, ಒಂದೊಂದು ಸಿಲಿಂಡರಿನಲ್ಲೂ ಕಿಡಿಯ ಟೈಮಿಂಗನ್ನು ಎಷ್ಟು ಡಿಗ್ರಿ ಹಿಂದಕ್ಕೆ ಎಳೆದಿದೆ ಅನ್ನುವುದು. ರೈಲ್ ಪ್ರೆಷರ್ ಕೇಳಿದ್ದಕ್ಕಿಂತ ಕುಸಿದು ಲ್ಯಾಂಬ್ಡಾ ಮೇಲಕ್ಕೆ ಹೋದರೆ ಮಾತ್ರ ಪಂಪಿನ ಮಾತು.

ಚಿಪ್ಪು_ಚನ್ನೇಗೌಡ (ಮಂಡ್ಯ)

ಇಷ್ಟೆಲ್ಲಾ ತಲೆನೋವು ಯಾಕೆ? ಟ್ಯೂನಿಂಗ್ ಬಾಕ್ಸ್ ಹಾಕಿ. ಎರಡು ಕನೆಕ್ಟರ್, ಹತ್ತು ನಿಮಿಷ. ಬೇಡ ಅನಿಸಿದರೆ ಕಿತ್ತು ಹಾಕಿ. ನಾನು ಎರಡು ವರ್ಷದಿಂದ ಓಡಿಸ್ತಿದೀನಿ, ಏನೂ ಆಗಿಲ್ಲ.

ಲ್ಯಾಂಬ್ಡಾ_ಒಂದು

ಗೌಡ್ರೇ, ಬಾಕ್ಸ್ ಮಾಡುವುದು ಇಷ್ಟೇ. ಬೂಸ್ಟ್ ಸೆನ್ಸರಿನ ಸಿಗ್ನಲ್ ಕಡಿಮೆ ಮಾಡಿ ಇಸಿಯುಗೆ ಸುಳ್ಳು ಹೇಳುತ್ತದೆ. "ಒತ್ತಡ ಸಾಲುತ್ತಿಲ್ಲ" ಅಂದುಕೊಂಡು ಅದು ಟರ್ಬೊ ಇನ್ನೂ ತಿರುಗಿಸುತ್ತದೆ. ಅಂಥ ಬಾಕ್ಸಿನಲ್ಲಿ ಇಗ್ನಿಷನ್ ಟೈಮಿಂಗ್ ಮುಟ್ಟುವ ದಾರಿಯೇ ಇರುವುದಿಲ್ಲ. ನಿಜವಾದ ಒತ್ತಡ ಎಷ್ಟು ಅಂತ ಇಸಿಯುಗೆ ಗೊತ್ತಿಲ್ಲದೆ ಅದು ಟೈಮಿಂಗ್ ಹಾಕುತ್ತಿದೆ. ನಾಕ್ (ಇಂಧನ ಹದ ತಪ್ಪಿ ತಾನಾಗಿ ಸಿಡಿಯುವುದು) ಹಿಡಿಯುವ ಸೆನ್ಸರ್ ಇದೆ ಅನ್ನುವ ಧೈರ್ಯದ ಮೇಲೆ ನೀವು ಎರಡು ವರ್ಷ ಓಡಿಸಿದ್ದೀರಿ. ನಡೆಯುತ್ತದೆ, ಇಲ್ಲ ಅನ್ನಲ್ಲ. ನನ್ನ ಗಾಡಿಗೆ ಹಾಕಲ್ಲ.

ಚಿಪ್ಪು_ಚನ್ನೇಗೌಡ

ಸರಿ ಬಿಡಿ, ನಿಮ್ಮ ಗಾಡಿ ನಿಮ್ಮಿಷ್ಟ 😄

ಕಾಫಿತೋಟದ_ಪೋಲೊ

ಪರೀಕ್ಷೆ ಮಾಡಿದೆ. ಪಿ0303! ಹುಬ್ಬಳ್ಳಿ ಸರ್‌ಗೆ ಶರಣು. ಕಳ್ಳ ಪ್ಲಗ್ಗೇ.

ಮೂರನ್ನೂ ಬಿಚ್ಚಿ ಅಪ್ಪನ ಹಳೇ ಪ್ರಜಾವಾಣಿ ಮೇಲೆ ಸಾಲಾಗಿ ಇಟ್ಟೆ. ಎರಡು ತಿಳಿ ಕಂದು ಬಣ್ಣ. 2ನೇ ಸಿಲಿಂಡರಿನದ್ದರ ಬಿಳಿ ಪಿಂಗಾಣಿ ಮೇಲೆ ಕೂದಲೆಳೆಯಂಥ ಕಪ್ಪು ಗೆರೆ, ಮೇಲಿಂದ ಕೆಳಗೆ. ಉಗುರಲ್ಲಿ ಕೆರೆದರೆ ಹೋಗಲಿಲ್ಲ. ಗ್ಯಾಪ್ ಅಳೆದೆ: 0.95 ಮಿ.ಮೀ. ಉಳಿದೆರಡು 0.9ರ ಹತ್ತಿರ. ಸರ್ವಿಸ್ ಪುಸ್ತಕ ತೆಗೆದು ನೋಡಿದರೆ ಇಷ್ಟು ಹೊತ್ತಿಗೆ ಪ್ಲಗ್ ಬದಲಾಯಿಸಿರಬೇಕಿತ್ತು. ನನ್ನದೇ ತಪ್ಪು. ಬೂಸ್ಟ್ ಮೀಟರ್ ಎಲ್ಲಿ ಕೂರಿಸಲಿ ಅಂತ ಒಂದು ವಾರ ಯೋಚನೆ ಮಾಡಿದವನು ಈ ಪುಟ ತೆಗೆದು ನೋಡಿರಲಿಲ್ಲ.

ಹೊಸದು ಜೆಸಿ ರಸ್ತೆಯಿಂದ ತರಲಾ, ಆನ್‌ಲೈನ್ ತರಿಸಲಾ?

ಗೋಕುಲರಸ್ತೆ_ಗ್ಯಾರೇಜು

ಎಲ್ಲಿಂದ ತಂದರೂ ಬಿಲ್ ಕೊಡೋ ಅಧಿಕೃತ ಡೀಲರ್ ಆಗಿರಲಿ. ಇರಿಡಿಯಂ ಪ್ಲಗ್ಗಿನ ನಕಲಿ ಬಹಳ ಅದಾವ. ಅರ್ಧ ರೇಟಿಗೆ ಸಿಕ್ಕರೆ ಬಿಟ್ಟುಬಿಡ್ರಿ. ಕಂಪನಿ ಹೇಳಿದ ಹೀಟ್ ರೇಂಜೇ ತಗೊಳ್ರಿ.

ಗ್ಯಾಪ್ 0.65 ಇಡ್ರಿ. ಇನ್ನೂ ಚಿಕ್ಕದು ಮಾಡಬಹುದು, ಆದರೆ ಕಿಡಿ ಪುಟ್ಟದಾಗಿ ಐಡಲ್ ನಡುಗುತ್ತದ. ಗ್ಯಾಪ್ ಸರಿ ಮಾಡುವಾಗ ಹೊರಗಿನ ಬಾಗಿದ ಕಾಲನ್ನು ಮಾತ್ರ ಮುಟ್ಟಬೇಕು. ನಡುವಿನ ಇರಿಡಿಯಂ ತುದಿ ಸೂಜಿಯಂಗ ಇರ್ತದ. ನಾಣ್ಯದಂಥ ಗೇಜ್ ತುರುಕಿ ಮೀಟಿದರೆ ಮುರೀತದ, ನಿಮಗೆ ಗೊತ್ತೂ ಆಗಂಗಿಲ್ಲ. ತಂತಿ ಗೇಜ್ ಬಳಸ್ರಿ. ಮೊದಲ ನಾಲ್ಕೈದು ಸುತ್ತು ಕೈಯಲ್ಲೇ ತಿರುಗಬೇಕು, ಆಮೇಲೆ ಟಾರ್ಕ್ ರೆಂಚ್. ಅಲ್ಯೂಮಿನಿಯಂ ಹೆಡ್ಡು, ಭೀಮಬಲ ತೋರಿಸಬ್ಯಾಡ್ರಿ.

ಕಾಫಿತೋಟದ_ಪೋಲೊ

ಹಾಕಿದೆ. ಮೂರು ಪ್ಲಗ್ 2,850 ರೂಪಾಯಿ, ತಂತಿ ಗೇಜ್ 250. ನೈಸ್ ರಸ್ತೆಯಲ್ಲಿ ಭಾನುವಾರ ಬೆಳಿಗ್ಗೆ 6ಕ್ಕೆ ತಮ್ಮನ ತೊಡೆ ಮೇಲೆ ಲ್ಯಾಪ್‌ಟಾಪ್ ಇಟ್ಟು ಮೂರು ಸಲ ಎಳೆದೆ. ಮಿಸ್ಸಿಂಗ್ ಇಲ್ಲ!

ಲಾಗ್: ರೈಲ್ ಪ್ರೆಷರ್ ಕೇಳಿದ್ದು 200 ಬಾರ್, ಸಿಕ್ಕಿದ್ದು 196ಕ್ಕಿಂತ ಕೆಳಗೆ ಹೋಗಿಲ್ಲ. ಲ್ಯಾಂಬ್ಡಾ 0.87. ಬೂಸ್ಟ್ ಕೇಳಿದಷ್ಟೇ. ಆದರೆ 2,000–2,800ರ ನಡುವೆ ಮೂರೂ ಸಿಲಿಂಡರಿನಲ್ಲಿ ಟೈಮಿಂಗ್ 5ರಿಂದ 6 ಡಿಗ್ರಿ ಹಿಂದಕ್ಕೆ ಹೋಗಿದೆ. 4,000 ಮೇಲೆ 2 ಡಿಗ್ರಿ. ಇದು ಸರೀನಾ? ಪೆಟ್ರೋಲು ಮಾಮೂಲಿ, ಹತ್ತಿರದ ಬಂಕಿನದು.

ಲ್ಯಾಂಬ್ಡಾ_ಒಂದು

ನೋಡಿ, 1.4 ಲಕ್ಷದ ಪಟ್ಟಿಯಲ್ಲಿ ಇದಕ್ಕೆ ಮದ್ದೇ ಇರಲಿಲ್ಲ. ಪಂಪು, ಇಂಜೆಕ್ಟರ್ ಎರಡೂ ಪಾಸ್. ಈಗ ಉಳಿದಿರುವುದು ಮ್ಯಾಪ್ ಮತ್ತು ಪೆಟ್ರೋಲು.

ಎಂಜಿನ್ ನಾಕ್ ಆಗುತ್ತಿದೆ, ಇಸಿಯು ಹೆದರಿ ಟೈಮಿಂಗ್ ಎಳೆಯುತ್ತಿದೆ. ಬಿಸಿ ಮಧ್ಯಾಹ್ನ ಒಂದು ಸಲ 3 ಡಿಗ್ರಿ ಎಳೆದರೆ ತಲೆ ಕೆಡಿಸಿಕೊಳ್ಳಬೇಡಿ. ಬೆಳಗಿನ ತಂಪಿನಲ್ಲಿ ಮೂರೂ ಸಿಲಿಂಡರಿನಲ್ಲಿ 6 ಅಂದರೆ ಮ್ಯಾಪ್ ಆ ಪೆಟ್ರೋಲಿಗೆ ಬರೆದದ್ದಲ್ಲ. ಒಂದು ಪ್ರಶ್ನೆ: ಯಾವ ಆಕ್ಟೇನಿಗೆ (ಪೆಟ್ರೋಲಿನ ನಾಕ್ ತಡೆಯುವ ಶಕ್ತಿ) ಬರೆದ ಫೈಲ್ ಅಂತ ಕೇಳಿದ್ದಿರಾ?

ಕಾಫಿತೋಟದ_ಪೋಲೊ

ಕೇಳಿರಲಿಲ್ಲ. ಈಗ ಫೋನ್ ಮಾಡಿದೆ. "100 ಆಕ್ಟೇನ್ ಫೈಲ್ ಸರ್, ಅದರಲ್ಲೇ ಜಾಸ್ತಿ ಪವರ್ ಬರೋದು" ಅಂದರು. ಹಾಕುವಾಗ ಒಂದು ಮಾತು ಹೇಳಬಾರದಿತ್ತಾ?

ಸ್ಟುಟ್‌ಗಾರ್ಟ್_ಶೆಟ್ಟಿ (ಜರ್ಮನಿ)

ಇಲ್ಲಿ ಬಂಕಿಗೆ ಹೋದರೆ 95 ಇ10, 98, ಕೆಲವು ಕಡೆ 102 ಸಾಲಾಗಿ ಇರುತ್ತವೆ. ಯುರೋಪಿನ ಸ್ಟೇಜ್ 1 ಫೈಲ್ ಸಾಮಾನ್ಯವಾಗಿ 98 ಅಂದುಕೊಂಡು ಬರೆದದ್ದು. ಅದನ್ನೇ ಹಾಗೇ ಊರಿನ ಗಾಡಿಗೆ ಸುರಿದರೆ ಇದೇ ಗತಿ. ಅಂದಹಾಗೆ ಇಲ್ಲಿ ಪವರ್ ಏರಿಸಿದರೆ ತಪಾಸಣೆ ಮಾಡಿಸಿ ಗಾಡಿ ಪೇಪರಿನಲ್ಲಿ ಬರೆಸಬೇಕು, ಇಲ್ಲವಾದರೆ ರಸ್ತೆಗೆ ಇಳಿಸುವ ಹಾಗಿಲ್ಲ.

ಬೂಸ್ಟ್_ಬಸಣ್ಣ

ನಮ್ಮಲ್ಲೂ 100 ಸಿಗುತ್ತೆ ಶೆಟ್ರೇ, ಇಂಡಿಯನ್ ಆಯಿಲ್‌ನ ಎಕ್ಸ್‌ಪಿ100, 2020ರಿಂದ. ಬೆಲೆ ಮಾಮೂಲಿಗಿಂತ ಒಂದೂವರೆ ಪಟ್ಟು. ಕಿಡ್ನಿ ಬ್ಯಾಕಪ್ ಇದ್ದವರು ಹಾಕಿಸಬಹುದು. ಅದಿರಲಿ, ಇ20 (20 ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲು) ಬಂದ ಮೇಲೆ ಟರ್ಬೊ ಗಾಡಿಗೆ ಕಷ್ಟ ಅಂತಾರಲ್ಲ, ನಿಜಾನಾ?

ಲ್ಯಾಂಬ್ಡಾ_ಒಂದು

ಅರ್ಧ ನಿಜ. ನಾಕ್ ವಿಷಯದಲ್ಲಿ ಎಥನಾಲ್ ಟರ್ಬೊದ ಗೆಳೆಯ. ಆಕ್ಟೇನ್ ಜಾಸ್ತಿ, ಆವಿಯಾಗುವಾಗ ಪೆಟ್ರೋಲಿಗಿಂತ ಎರಡು ಪಟ್ಟಿಗೂ ಜಾಸ್ತಿ ಶಾಖ ಹೀರಿ ಸಿಲಿಂಡರನ್ನು ತಂಪು ಮಾಡುತ್ತದೆ. ಆದರೆ ಅದಕ್ಕೆ ಜಾಸ್ತಿ ಸುರಿಯಬೇಕು. ಶುದ್ಧ ಪೆಟ್ರೋಲಿಗೆ ಗಾಳಿ 14.7 ಪಾಲು, ಶುದ್ಧ ಎಥನಾಲಿಗೆ 9, ಇ20ಗೆ 13.5ರ ಆಸುಪಾಸು. ಅಂದರೆ ಅಷ್ಟೇ ಗಾಳಿಗೆ ಸುಮಾರು 9 ಪರ್ಸೆಂಟ್ ಹೆಚ್ಚು ಇಂಧನ. ಇಂಜೆಕ್ಟರ್ ಅಂಚಿನಲ್ಲಿ ಓಡುತ್ತಿರುವ ಟಿ-ಜೆಟ್‌ನಂಥ ಗಾಡಿಗೆ ಈ 9 ಲೆಕ್ಕಕ್ಕೆ ಬರುತ್ತದೆ. ಹಳೇ ಗಾಡಿಯ ರಬ್ಬರ್ ಪೈಪು, ಸೀಲುಗಳ ಕಥೆ ಬೇರೆ, ಅದನ್ನು ನೋಡಲೇಬೇಕು.

ಪೋಲೊ ಅವರಿಗೆ: ಕೆಳಗಿನ ಆರ್‌ಪಿಎಂನಲ್ಲೇ ಜಾಸ್ತಿ ಎಳೆಯುತ್ತಿರುವುದು ನನಗೆ ಇಷ್ಟವಾಗುತ್ತಿಲ್ಲ. ಸಣ್ಣ ಟರ್ಬೊ, ಡೈರೆಕ್ಟ್ ಇಂಜೆಕ್ಷನ್, ದೊಡ್ಡ ಗೇರು, 2,000ದಲ್ಲಿ ಪೂರ್ತಿ ಕಾಲು. ಕಿಡಿಗೆ ಮೊದಲೇ ಎಣ್ಣೆಯ ಹನಿ ಹೊತ್ತಿಕೊಂಡು ಪಿಸ್ಟನ್ ಒಡೆಯುವ ರೋಗ ಇಂಥ ಕಡೆಯೇ ಬರುವುದು. ಎಪಿಐ ಎಸ್‌ಪಿ ದರ್ಜೆಯ ಆಯಿಲಿಗೆ ಇದರ ಪರೀಕ್ಷೆಯೇ ಇದೆ. ಕಂಪನಿಯ ನಾರ್ಮ್ ಮೊದಲು ನೋಡಿ, ಜೊತೆಗೆ ಇದೂ ಇದ್ದರೆ ಒಳ್ಳೆಯದು. ಘಟ್ಟದಲ್ಲಿ ಗೇರ್ ಇಳಿಸಿ ಮಾರಾಯರೇ, 3ನೇ ಗೇರ್ ಇರುವುದೇ ಅದಕ್ಕೆ.

ಟ್ಯೂನರ್ ಹತ್ತಿರ ಮಾಮೂಲಿ ಪೆಟ್ರೋಲಿಗೆ ಫೈಲ್ ಬರೆಸಿ. 2,500ರ ಕೆಳಗೆ ಟಾರ್ಕ್ ಇಳಿಸಲಿ, ಮೇಲೆ ಬೇಕಾದರೆ ಇರಲಿ. ನಿಮ್ಮದು ಎಂಕ್ಯೂ200 ಗೇರ್‌ಬಾಕ್ಸ್, ಆ 200 ಟಾರ್ಕಿನ ದರ್ಜೆ. 230ರಲ್ಲಿ ದಿನಾ ಕ್ಲಚ್ ತುಳಿಯುವುದು ನಿಮಗೂ ಬೇಡ, ಅದಕ್ಕೂ ಬೇಡ.

ಕಡಲತೀರದ_ಟಿಜೆಟ್

ಇನ್ಶೂರೆನ್ಸಿನವರಿಗೆ ರೀಮ್ಯಾಪ್ ವಿಷಯ ತಿಳಿಸಿದ್ದೀರಾ? ನಾನು ಮೊದಲು ತಿಳಿಸಿರಲಿಲ್ಲ. ಬಂಪರ್ ಕ್ಲೇಮಿಗೆ ಸರ್ವೇಯರ್ ಬಾನೆಟ್ ಎತ್ತಿದ ದಿನ ಬೆವರಿದ್ದು ನೆನಪಿದೆ. ಗಾಡಿಯನ್ನು ಕಂಪನಿ ವಿವರಕ್ಕೆ ವಿರುದ್ಧವಾಗಿ ಬದಲಾಯಿಸಬಾರದು ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನೇ ಇದೆ.

ಕಾಫಿತೋಟದ_ಪೋಲೊ

ಹತ್ತು ದಿನ ಆಯಿತು, ವರದಿ ಒಪ್ಪಿಸುತ್ತಿದ್ದೇನೆ.

ಟ್ಯೂನರ್ ಮೊದಲು ಗೊಣಗಿದರು, ಲಾಗ್ ತೋರಿಸಿದ ಮೇಲೆ ದುಡ್ಡಿಲ್ಲದೆ ಫೈಲ್ ಬದಲಾಯಿಸಿ ಕೊಟ್ಟರು. ಈಗ ಅವರ ಲೆಕ್ಕದಲ್ಲಿ 205 ಎನ್‌ಎಂ, ಅದೂ 2,600 ದಾಟಿದ ಮೇಲೆ. ಕೆಳಗೆ ಮೊದಲಿನ ಒದೆತ ಇಲ್ಲ. ಮೊದಲ ದಿನ "ಅಯ್ಯೋ" ಅನಿಸಿತು. ಮೇಲೆ ಮಾತ್ರ ಮೊದಲಿಗಿಂತ ಚೆನ್ನಾಗಿ ಓಡುತ್ತಿದೆ, ಟೈಮಿಂಗ್ ಹಿಂದಕ್ಕೆ ಹೋಗದೆ ಇರುವುದಕ್ಕೋ ಏನೋ.

ನಿನ್ನೆ ಮತ್ತೆ ಮಂಗಳೂರಿಂದ ಹತ್ತಿದೆ. ಅದೇ ತಿರುವು, ಈ ಸಲ ಗ್ಯಾಸ್ ಲಾರಿ. 3ನೇ ಗೇರ್. ಲಾಗ್‌ನಲ್ಲಿ ಅತಿ ಹೆಚ್ಚು ಅಂದರೆ 2.3 ಡಿಗ್ರಿ. ಅಪ್ಪ ಗುಂಡ್ಯದಲ್ಲಿ ನಿದ್ದೆ ಹೋದವರು ದೋಣಿಗಾಲ್ ಬಂದ ಮೇಲೆ ಎದ್ದು "ಕಾಫಿಗೆ ನಿಲ್ಲಿಸು" ಅಂದರು. ಖರ್ಚು 3,100 ರೂಪಾಯಿ. ಪ್ಲಗ್ ಇನ್ನು 30,000ಕ್ಕೊಮ್ಮೆ ಬಿಚ್ಚಿ ನೋಡ್ತೀನಿ. ಇನ್ಶೂರೆನ್ಸಿನವರಿಗೆ ಮೇಲ್ ಹಾಕಿದ್ದೇನೆ, ಉತ್ತರ ಬಂದಿಲ್ಲ.

ಹೊಸಬ_ಹಾಸನ (ಹಾಸನ)

ಎಲ್ಲಾ ಓದಿದೆ. ನಂದೂ 1.0 ಟಿಎಸ್‌ಐ, 58,000 ಆಗಿದೆ, ಟ್ಯೂನ್ ಆಗಿದೆ, ಜೋರು ಒತ್ತಿದರೆ ಮಿಸ್ಸಿಂಗ್. ನನಗೂ ಒಂದು ಅಂಗಡಿಯವರು ಕೆಂಪು ಕಾಯಿಲ್, ಇಂಜೆಕ್ಟರ್, ಪಂಪು ಅಂದರು. ಅಡ್ವಾನ್ಸ್ ಕೊಡೋಣ ಅಂತಿದ್ದೆ. ಏನು ಮಾಡಲಿ?

ಗೋಕುಲರಸ್ತೆ_ಗ್ಯಾರೇಜು

ಪ್ಲಗ್ ಬಿಚ್ಚಿ ಫೋಟೊ ಹಾಕ್ರಿ.